ಬರದಲ್ಲೂ ಬದುಕುವ ಗರಿಕೆ: ಅದರ ವಂಶವಾಹಿ ಕುಟುಂಬಗಳಿಂದ ನಾವು ಕಲಿಯಬೇಕಾದದ್ದು

ಮಳೆ ಕೈಕೊಟ್ಟ ವರ್ಷಗಳಲ್ಲಿ ರೈತರೆಲ್ಲರೂ ಕಂಡಿರುವ ಸಂಗತಿಯೊಂದಿದೆ. ಹೊಲದಲ್ಲಿ ರಾಗಿಯ ಎಲೆ ಮಧ್ಯಾಹ್ನದ ಹೊತ್ತಿಗೆ ಸುರುಳಿ ಸುತ್ತಿಕೊಳ್ಳುತ್ತದೆ, ಅಕ್ಕಡಿಯ ಅವರೆ ಬಾಡುತ್ತದೆ. ಅದೇ ಹೊಲದ ಬದುವಿನ ಮೇಲಿರುವ ಗರಿಕೆ ಮಾತ್ರ ಹಸಿರನ್ನು ಬಹು ದಿನ ಬಿಟ್ಟುಕೊಡುವುದಿಲ್ಲ. ಬೇಸಿಗೆಯಲ್ಲಿ ಪೂರ್ತಿ ಒಣಗಿ ಸತ್ತಂತೆ ಕಂಡರೂ ಮೊದಲ ಹದಮಳೆ ಬಿದ್ದ ಕೆಲವೇ ದಿನಗಳಲ್ಲಿ ಗಿಣ್ಣುಗಿಣ್ಣಿನಲ್ಲೂ ಚಿಗುರುತ್ತದೆ. ಗೌರಿ ಗಣೇಶನ ಹಬ್ಬಕ್ಕೆ ಗರಿಕೆ ಸಿಗಲಿಲ್ಲ ಎಂದ ಊರು ಇಲ್ಲ.

ಗರಿಕೆಗೆ ಈ ತಾಳಿಕೆ ಎಲ್ಲಿಂದ ಬಂತು? ಅದನ್ನು ರಾಗಿಗೋ ಜೋಳಕ್ಕೋ ತರಬಾರದೆ? ತರಬೇತಿಗೆ ಬರುವ ರೈತರು ಈ ಪ್ರಶ್ನೆಯನ್ನು ಕೇಳುವುದುಂಟು. ಪ್ರಶ್ನೆ ಸರಿಯಾದದ್ದೇ. ಉತ್ತರವನ್ನು ತಿಳಿಯಬೇಕಾದರೆ ಗರಿಕೆಯ ಜೀವಕೋಶದೊಳಗೆ ಕಷ್ಟಕಾಲದಲ್ಲಿ ಏನು ನಡೆಯುತ್ತದೆಂಬುದನ್ನು ನೋಡಬೇಕು. ಅದನ್ನು ಸರಳವಾಗಿ ವಿವರಿಸಿ, ಅದರಿಂದ ಬೇಸಾಯಕ್ಕೆ ದೊರೆಯುವ ಪ್ರಯೋಜನಗಳನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಗರಿಕೆಯ ಪರಿಚಯ

ಗರಿಕೆಯ ಸಸ್ಯಶಾಸ್ತ್ರೀಯ ಹೆಸರು ಸೈನೋಡಾನ್ ಡ್ಯಾಕ್ಟಿಲಾನ್. ಪಾಶ್ಚಾತ್ಯ ದೇಶಗಳಲ್ಲಿ ಇದನ್ನು ಬರ್ಮುಡಾ ಹುಲ್ಲೆಂದು ಕರೆಯುತ್ತಾರೆ. ನೆಲದ ಮೇಲೆ ಹಬ್ಬುವ ಬಳ್ಳಿಯಂಥ ಕಾಂಡವಲ್ಲದೆ ನೆಲದೊಳಗೂ ಇದಕ್ಕೆ ಕಾಂಡವಿದೆ. ರೈತರು ಇದನ್ನು ಬೇರೆಂದೇ ಕರೆಯುವುದುಂಟು. ಇದರ ಪ್ರತಿಯೊಂದು ಗಿಣ್ಣಿನಲ್ಲಿಯೂ ಒಂದು ಮೊಗ್ಗು ಇರುತ್ತದೆ, ಆಹಾರದ ಸಂಗ್ರಹವೂ ಇರುತ್ತದೆ. ಮೇಲಿನ ಎಲೆಯೆಲ್ಲ ಒಣಗಿದರೂ ಗಿಡ ಸಾಯದಿರುವುದು ಈ ಮೊಗ್ಗುಗಳಿಂದ.

ಹುಲ್ಲುಹಾಸಿಗೆ ಬಳಸುವ ಹುಲ್ಲುಗಳನ್ನು ಶೀತಕಾಲದವು ಮತ್ತು ಉಷ್ಣಕಾಲದವು ಎಂದು ಎರಡಾಗಿ ವಿಂಗಡಿಸುತ್ತಾರೆ. ಗರಿಕೆ ಮತ್ತು ಝೋಯ್ಸಿಯಾ ಉಷ್ಣಕಾಲದವು. ಇವು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಮೊದಲು ನಾಲ್ಕು ಇಂಗಾಲದ ಆಮ್ಲವಾಗಿ ಹಿಡಿದು, ಎಲೆಯ ನರದ ಸುತ್ತಲಿನ ಕೋಶಗಳಿಗೆ ಸಾಗಿಸಿ, ಅಲ್ಲಿ ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಆದ್ದರಿಂದ ಎಲೆಯ ಪತ್ರರಂಧ್ರಗಳು ಅರ್ಧ ಮುಚ್ಚಿದ್ದರೂ ಕೆಲಸ ಸಾಗುತ್ತದೆ, ನೀರು ಉಳಿಯುತ್ತದೆ. ರಾಗಿ, ಜೋಳ, ಮುಸುಕಿನ ಜೋಳ, ಕಬ್ಬು ಇದೇ ಗುಂಪಿನವು. ಭತ್ತ ಮತ್ತು ಗೋಧಿ ಈ ಗುಂಪಿಗೆ ಸೇರಿಲ್ಲ.

ಗರಿಕೆಯ ಸುಧಾರಣೆಯ ಕೆಲಸ ಹೆಚ್ಚಾಗಿ ನಡೆದದ್ದು ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ. ಅಲ್ಲಿನ ತಳಿ ವಿಜ್ಞಾನಿ ಗ್ಲೆನ್ ಬರ್ಟನ್ 1943ರಲ್ಲಿ ಕೋಸ್ಟಲ್ ಎಂಬ ಮೇವಿನ ಗರಿಕೆಯನ್ನೂ 1960ರಲ್ಲಿ ಟಿಫ್‌ವೇ ಎಂಬ ಹುಲ್ಲುಹಾಸಿನ ಗರಿಕೆಯನ್ನೂ ಬಿಡುಗಡೆ ಮಾಡಿದರು. ಟಿಫ್‌ವೇ ಸಾಮಾನ್ಯ ಗರಿಕೆ ಮತ್ತು ಆಫ್ರಿಕಾದ ಗರಿಕೆಯ ಸಂಕರ. ಸಾಮಾನ್ಯ ಗರಿಕೆಯಲ್ಲಿ ಹೆಚ್ಚಾಗಿ 36 ವರ್ಣತಂತುಗಳಿದ್ದು, ಆಫ್ರಿಕಾದ ಗರಿಕೆಯಲ್ಲಿ 18 ಇರುತ್ತವೆ. ಸಂಕರದಲ್ಲಿ 27 ಉಳಿಯುವುದರಿಂದ ಅದು ಬೀಜ ಕಟ್ಟುವುದಿಲ್ಲ. ಬಳ್ಳಿಯ ತುಂಡುಗಳಿಂದಲೇ ನೆಡಬೇಕು.

ವಂಶವಾಹಿ ಕುಟುಂಬ ಎಂದರೇನು?

ವರ್ಣತಂತುಗಳ ಮೇಲೆ ವಂಶವಾಹಿಗಳು, ಅಂದರೆ ಜೀನುಗಳು ಸಾಲಾಗಿ ಇರುತ್ತವೆ. ಒಂದೊಂದು ವಂಶವಾಹಿ ಸಾಮಾನ್ಯವಾಗಿ ಒಂದೊಂದು ಪ್ರೋಟೀನನ್ನು ತಯಾರಿಸುವ ಸೂಚನೆಯನ್ನು ಹೊತ್ತಿರುತ್ತದೆ. ಲಕ್ಷಾಂತರ ವರ್ಷಗಳ ಕಾಲಮಾನದಲ್ಲಿ ಒಂದು ವಂಶವಾಹಿ ಆಗಾಗ ಎರಡಾಗುತ್ತದೆ. ಮೂಲದ್ದು ಹಳೆಯ ಕೆಲಸವನ್ನೇ ಮಾಡಿಕೊಂಡಿದ್ದರೆ, ಪ್ರತಿಯಲ್ಲಿ ಸಣ್ಣಪುಟ್ಟ ಬದಲಾವಣೆಗಳಾಗಿ ಅದು ಬೇರೆ ಸಂದರ್ಭದಲ್ಲಿ, ಇಲ್ಲವೆ ಗಿಡದ ಬೇರೆ ಭಾಗದಲ್ಲಿ ಕೆಲಸಕ್ಕೆ ನಿಲ್ಲುತ್ತದೆ. ಹೀಗೆ ಒಂದೇ ಮೂಲಪುರುಷನಿಂದ ಬಂದ ವಂಶವಾಹಿಗಳ ಗುಂಪೇ ವಂಶವಾಹಿ ಕುಟುಂಬ.

ಇದನ್ನು ನಮ್ಮ ಹಳ್ಳಿಯ ದೊಡ್ಡ ಮನೆತನಕ್ಕೆ ಹೋಲಿಸಬಹುದು. ಮನೆತನದ ಹೆಸರು ಎಲ್ಲರಿಗೂ ಒಂದೇ. ಆದರೆ ಒಬ್ಬ ಗದ್ದೆ ನೋಡಿಕೊಳ್ಳುತ್ತಾನೆ, ಇನ್ನೊಬ್ಬ ತೋಟ, ಮತ್ತೊಬ್ಬ ದನಕರು. ವಂಶವಾಹಿ ಕುಟುಂಬಕ್ಕೂ ಇಂಥ ಗುರುತು ಇರುತ್ತದೆ. ಉದಾಹರಣೆಗೆ, ಸಸ್ಯಗಳಲ್ಲಿ ‘ವರ್ಕಿ’ ಎಂಬ ದೊಡ್ಡ ಕುಟುಂಬವಿದೆ. ಈ ಕುಟುಂಬದ ಬಹುತೇಕ ಎಲ್ಲ ಪ್ರೋಟೀನುಗಳಲ್ಲಿಯೂ ಟ್ರಿಪ್ಟೊಫ್ಯಾನ್, ಆರ್ಜಿನೀನ್, ಲೈಸೀನ್, ಟೈರೊಸೀನ್ ಎಂಬ ನಾಲ್ಕು ಅಮೈನೊ ಆಮ್ಲಗಳು ಇದೇ ಕ್ರಮದಲ್ಲಿ ಬರುತ್ತವೆ. ಈ ನಾಲ್ಕರ ಸಂಕೇತಾಕ್ಷರಗಳನ್ನು ಕೂಡಿಸಿಯೇ ಕುಟುಂಬಕ್ಕೆ ಹೆಸರಿಟ್ಟರು.

2016ರಲ್ಲಿ ಜಪಾನಿನ ವಿಜ್ಞಾನಿಗಳು ಝೋಯ್ಸಿಯಾ ಹುಲ್ಲಿನ ವಂಶವಾಹಿಗಳ ಪೂರ್ಣ ಬರಹವನ್ನು ಪ್ರಕಟಿಸಿದರು. 2021ರಲ್ಲಿ ಆಫ್ರಿಕಾದ ಗರಿಕೆಯ ಬರಹವೂ ಬಳಿಕ ಸಾಮಾನ್ಯ ಗರಿಕೆಯದೂ ಹೊರಬಂದವು. ಇದರಿಂದಾಗಿ ಒಂದೊಂದು ಕುಟುಂಬದಲ್ಲಿ ಎಷ್ಟು ಸದಸ್ಯರಿದ್ದಾರೆ, ನೀರು ನಿಂತಾಗ ಅಥವಾ ಉಪ್ಪು ಹೆಚ್ಚಾದಾಗ ಅವರಲ್ಲಿ ಯಾರು ಎದ್ದು ಕೆಲಸಕ್ಕೆ ನಿಲ್ಲುತ್ತಾರೆ ಎಂಬುದನ್ನು ಎಣಿಸಿ ನೋಡುವುದು ಸಾಧ್ಯವಾಗಿದೆ. ಕಷ್ಟಕಾಲದಲ್ಲಿ ಎದ್ದು ನಿಲ್ಲುವ ಕುಟುಂಬಗಳಲ್ಲಿ ಎರಡು ಬಗೆ: ಆಜ್ಞೆ ಕೊಡುವವು ಮತ್ತು ಕೆಲಸ ಮಾಡುವವು.

ಆಜ್ಞೆ ಕೊಡುವ ಕುಟುಂಬಗಳು

ಮಣ್ಣಿನ ತೇವ ಕಡಿಮೆಯಾದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಚೋದಕ ಹೆಚ್ಚುತ್ತದೆ. ಇದು ಗಿಡದ ಡಂಗುರ. ಇದರ ಪ್ರಭಾವದಿಂದ ಪತ್ರರಂಧ್ರಗಳು ಮುಚ್ಚಿಕೊಳ್ಳತೊಡಗುತ್ತವೆ. ಜೊತೆಯಲ್ಲೇ ಕೋಶದೊಳಗೆ ಮೇಸ್ತ್ರಿಗಳಂತಿರುವ ವಂಶವಾಹಿಗಳು ಎಚ್ಚರಗೊಳ್ಳುತ್ತವೆ. ಇವುಗಳ ಪ್ರೋಟೀನು ತಾನೇ ಯಾವ ಕೆಲಸವನ್ನೂ ಮಾಡದೆ, ಇತರ ವಂಶವಾಹಿಗಳ ಬಾಗಿಲಿಗೆ ಹೋಗಿ ಅಂಟಿಕೊಂಡು ಅವನ್ನು ಕೆಲಸಕ್ಕೆ ಹಚ್ಚುತ್ತದೆ.

ಇಂಥ ಕುಟುಂಬಗಳಲ್ಲಿ ಡ್ರೆಬ್, ವರ್ಕಿ, ನ್ಯಾಕ್, ಮಿಬ್ ಎಂಬವು ಮುಖ್ಯ. ಡ್ರೆಬ್ ಕುಟುಂಬದ ಕೆಲವು ಸದಸ್ಯರು ಬರಕ್ಕೆ, ಕೆಲವರು ಚಳಿಗೆ ಎಚ್ಚರಗೊಳ್ಳುತ್ತಾರೆ. ನ್ಯಾಕ್ ಕುಟುಂಬದ ಕೆಲವರು ಹಳೆಯ ಎಲೆಯನ್ನು ಒಣಗಿಸಿ ಅದರಲ್ಲಿನ ಸಾರಜನಕ ಮೊದಲಾದ ಪೋಷಕಾಂಶಗಳನ್ನು ಹಿಂದಕ್ಕೆ ಸೆಳೆದುಕೊಳ್ಳುವ ಕೆಲಸವನ್ನೂ ನಡೆಸುತ್ತಾರೆ. ಬೇಸಿಗೆಯ ಗರಿಕೆಯಲ್ಲಿ ಕೆಳಗಿನ ಎಲೆ ಮೊದಲು ಹಳದಿಯಾಗುವುದು ಗಿಡ ಸೋತಿದೆಯೆಂಬುದಕ್ಕೆ ಮಾತ್ರ ಗುರುತಲ್ಲ. ಇದ್ದ ಬಂಡವಾಳವನ್ನು ಬುಡಕ್ಕೆ ಸಾಗಿಸುವ ವ್ಯವಸ್ಥೆಯೂ ಅದರಲ್ಲಿದೆ.

ಕೆಲಸ ಮಾಡುವ ಕುಟುಂಬಗಳು

ಮೊದಲನೆಯದು ಡಿಹೈಡ್ರಿನ್ ಕುಟುಂಬ. ಇದು ‘ಲೀ’ ಎಂಬ ದೊಡ್ಡ ಗುಂಪಿಗೆ ಸೇರಿದೆ. ಈ ಗುಂಪಿನ ಪ್ರೋಟೀನುಗಳನ್ನು 1981ರಲ್ಲಿ ಹತ್ತಿಯ ಬೀಜ ಬಲಿಯುವ ಹಂತದಲ್ಲಿ ಗುರುತಿಸಲಾಯಿತು. ಕಾಳು ಬಲಿತು ಒಣಗುವಾಗ ಒಳಗಿನ ಮೊಳಕೆ ಸಾಯದಂತೆ ಕಾಯುವವರಲ್ಲಿ ಇವೂ ಸೇರಿವೆ. ನಾವು ಕಣಜದಲ್ಲಿ ಇಟ್ಟ ಬಿತ್ತನೆ ಬೀಜ ತಿಂಗಳುಗಟ್ಟಲೆ ಒಣಗಿದ್ದರೂ ಮೊಳೆಯುವುದನ್ನು ನೆನೆದರೆ ಇವುಗಳ ಮಹತ್ವ ತಿಳಿಯುತ್ತದೆ. ಗರಿಕೆಯಲ್ಲಿ ನೀರು ಕಡಿಮೆಯಾದಾಗ ಇದೇ ಬಗೆಯ ಪ್ರೋಟೀನು ಎಲೆಯಲ್ಲೂ ಕಾಂಡದಲ್ಲೂ ತುಂಬಿಕೊಂಡು, ಕೋಶದ ಪೊರೆ ಹರಿಯದಂತೆ ನೋಡಿಕೊಳ್ಳುತ್ತದೆ.

ಎರಡನೆಯದು ಶಾಖಾಘಾತ ಪ್ರೋಟೀನುಗಳ ಕುಟುಂಬಗಳು. 1962ರಲ್ಲಿ ಇಟಲಿಯ ವಿಜ್ಞಾನಿ ರಿಟೋಸಾ ಹಣ್ಣಿನ ನೊಣಗಳ ಪೆಟ್ಟಿಗೆಯ ಉಷ್ಣತೆ ಹೆಚ್ಚಿದಾಗ ವರ್ಣತಂತುವಿನ ಕೆಲವು ಜಾಗಗಳು ಉಬ್ಬಿಕೊಂಡದ್ದನ್ನು ಕಂಡರು. ಶಾಖಕ್ಕೆ ಪ್ರತಿಕ್ರಿಯಿಸುವ ವಂಶವಾಹಿಗಳ ಕಥೆ ಅಲ್ಲಿಂದ ಆರಂಭವಾಯಿತು. ಅತಿಯಾದ ಬಿಸಿಯಲ್ಲಿ ಕೋಶದೊಳಗಿನ ಪ್ರೋಟೀನುಗಳು ಆಕಾರ ಕೆಟ್ಟು ಗಂಟುಗಟ್ಟುತ್ತವೆ. ಶಾಖಾಘಾತ ಪ್ರೋಟೀನುಗಳು ಅವನ್ನು ಹಿಡಿದು ಗಂಟಾಗದಂತೆ ತಡೆದು, ಮತ್ತೆ ಸರಿಯಾದ ಆಕಾರಕ್ಕೆ ತರಲು ನೆರವಾಗುತ್ತವೆ.

ಮೂರನೆಯದು ವಿಷಹರ ಕಿಣ್ವಗಳ ಕುಟುಂಬಗಳು. ಪತ್ರರಂಧ್ರ ಮುಚ್ಚಿದ ಮೇಲೂ ಎಲೆಯ ಮೇಲೆ ಬಿಸಿಲು ಬೀಳುತ್ತಲೇ ಇರುತ್ತದೆ. ಬಳಕೆಯಾಗದ ಬೆಳಕಿನ ಶಕ್ತಿಯಿಂದ ಹೈಡ್ರೊಜನ್ ಪೆರಾಕ್ಸೈಡಿನಂಥ ಕೆಡುಕು ಮಾಡುವ ವಸ್ತುಗಳು ಹುಟ್ಟುತ್ತವೆ. ಅವನ್ನು ಇದ್ದಲ್ಲೇ ನಿರಪಾಯಗೊಳಿಸುವುದು ಈ ಕಿಣ್ವಗಳ ಕೆಲಸ.

ಸವಳು ನೆಲದಲ್ಲಿ ಗರಿಕೆ

ಉಪ್ಪಿನ ವಿಷಯದಲ್ಲಿ ಗರಿಕೆಯ ವ್ಯವಸ್ಥೆ ಇನ್ನೂ ಸ್ವಾರಸ್ಯವಾಗಿದೆ. ಒಂದು ಕುಟುಂಬ ಬೇರಿನ ಕೋಶಕ್ಕೆ ನುಗ್ಗಿದ ಸೋಡಿಯಂ ಅನ್ನು ಹೊರಕ್ಕೆ ನೂಕುತ್ತದೆ. ಎರಡನೆಯದು ಮೇಲಕ್ಕೆ ಹೊರಟ ರಸದಿಂದ ಸೋಡಿಯಂ ಅನ್ನು ದಾರಿಯಲ್ಲೇ ಹಿಂದಕ್ಕೆ ಸೆಳೆಯುತ್ತದೆ. ಮೂರನೆಯದು ಉಳಿದದ್ದನ್ನು ಕೋಶದೊಳಗಿನ ರಸದ ಚೀಲದಲ್ಲಿ ಕೂಡಿಹಾಕಿ, ಕೆಲಸ ನಡೆಯುವ ಭಾಗಕ್ಕೆ ತಗಲದಂತೆ ಮಾಡುತ್ತದೆ. ಇಷ್ಟಾದರೂ ಎಲೆಗೆ ಬಂದ ಉಪ್ಪನ್ನು ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳು ಹೊರಕ್ಕೆ ಸುರಿಸುತ್ತವೆ.

ಇದರ ಫಲವನ್ನು ಅಂಕಿಗಳಲ್ಲಿ ನೋಡಬಹುದು. ಅಮೆರಿಕದ ವಿಜ್ಞಾನಿಗಳಾದ ಮಾಸ್ ಮತ್ತು ಹಾಫ್‌ಮನ್ 1977ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಮಣ್ಣಿನ ಉಪ್ಪಿನಂಶ ಎಷ್ಟಕ್ಕೆ ಏರಿದಾಗ ಇಳುವರಿ ಇಳಿಯಲಾರಂಭಿಸುತ್ತದೆ ಎಂಬುದು ಹೀಗಿದೆ. ಅಳತೆ ಮೀಟರಿಗೆ ಡೆಸಿಸೀಮೆನ್ಸ್‌ಗಳಲ್ಲಿದೆ.

ಮುಸುಕಿನ ಜೋಳ – 1.7
ಭತ್ತ – 3.0
ಶೇಂಗಾ – 3.2
ಗರಿಕೆ – 6.9
ಹತ್ತಿ – 7.7

ಈ ಮಿತಿ ದಾಟಿದ ಮೇಲೆ ಪ್ರತಿ ಒಂದು ಅಂಶದ ಏರಿಕೆಗೆ ಭತ್ತ ಮತ್ತು ಮುಸುಕಿನ ಜೋಳಗಳ ಇಳುವರಿ ಶೇಕಡಾ 12ರಷ್ಟು ಇಳಿದರೆ ಗರಿಕೆಯದು ಶೇಕಡಾ 6.4ರಷ್ಟು ಮಾತ್ರ ಇಳಿಯುತ್ತದೆ. ತುಂಗಭದ್ರಾ, ಮಲಪ್ರಭಾ, ಘಟಪ್ರಭಾ ಅಚ್ಚುಕಟ್ಟುಗಳಲ್ಲಿ ಸವಳು ಹತ್ತಿ ಬಿತ್ತನೆ ನಿಂತ ಜಾಗದಲ್ಲೂ ಗರಿಕೆ ಕಾಣುವುದಕ್ಕೆ ಇದೇ ಕಾರಣ.

ಒಂದೇ ವಂಶವಾಹಿಯಿಂದ ಕೆಲಸವಾಗದೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆಜ್ಞೆ ಕೊಡುವ ವಂಶವಾಹಿಯೊಂದನ್ನು ತಂದು ಬೆಳೆಯಲ್ಲಿ ಸದಾ ಎಚ್ಚರವಿರುವಂತೆ ಮಾಡಿದರೆ ಬರಗಾಲದ ಚಿಂತೆ ತಪ್ಪುವುದಲ್ಲವೆ? ಜಪಾನಿನ ವಿಜ್ಞಾನಿಗಳು ಇದನ್ನು ಅರಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ ಪರೀಕ್ಷಿಸಿ 1999ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಡ್ರೆಬ್ ವಂಶವಾಹಿಯೊಂದು ಸದಾ ಕೆಲಸ ಮಾಡುವಂತೆ ಮಾಡಿದ ಗಿಡಗಳು ಬರ, ಉಪ್ಪು, ಚಳಿ ಮೂರನ್ನೂ ತಾಳಿದವು. ಆದರೆ ನೀರು ಸಾಕಷ್ಟಿದ್ದಾಗಲೂ ಅವು ಗಿಡ್ಡವಾಗಿಯೇ ಉಳಿದವು. ಅದೇ ವಂಶವಾಹಿ ಕಷ್ಟ ಬಂದಾಗ ಮಾತ್ರ ಎಚ್ಚರಗೊಳ್ಳುವಂತೆ ಮಾಡಿದಾಗ ಬೆಳವಣಿಗೆಯ ನಷ್ಟ ಬಹಳ ಕಡಿಮೆಯಾಯಿತು.

ಇದರಲ್ಲಿ ಅಚ್ಚರಿಯಿಲ್ಲ. ಊರಿನವರೆಲ್ಲ ವರ್ಷವಿಡೀ ಕಾವಲು ಕಾಯುತ್ತ ಕುಳಿತರೆ ಉಳುವವರು ಯಾರು? ಕಾವಲಿಗೂ ಖರ್ಚಿದೆ. ಗರಿಕೆಯ ಜಾಣತನವಿರುವುದು ಕಾಲಕ್ಕೆ ಸರಿಯಾಗಿ ಎಚ್ಚರಗೊಳ್ಳುವುದರಲ್ಲಿ, ಅನೇಕ ಕುಟುಂಬಗಳು ಕೆಲಸ ಹಂಚಿಕೊಳ್ಳುವುದರಲ್ಲಿ, ಕಷ್ಟ ಕಳೆದ ಮೇಲೆ ಕಾವಲನ್ನು ಇಳಿಸುವುದರಲ್ಲಿ.

ಇನ್ನೊಂದು ಮಾತನ್ನು ಮರೆಯಬಾರದು. ಗರಿಕೆಗೆ ಬದುಕಿ ಉಳಿದರೆ ಸಾಕು. ಮೂರು ತಿಂಗಳು ಬೆಳವಣಿಗೆ ನಿಲ್ಲಿಸಿ ಮಲಗಿದರೂ ಅದಕ್ಕೆ ನಷ್ಟವಿಲ್ಲ. ರಾಗಿ ಬೆಳೆದ ರೈತನಿಗೆ ಗಿಡ ಬದುಕಿದರೆ ಸಾಲದು, ತೆನೆ ತುಂಬಬೇಕು. ತೆಂಡೆ ಒಡೆಯುವ ಹಂತದಲ್ಲಿ ಮಳೆ ತಪ್ಪಿದರೆ ರಾಗಿ ಸುಧಾರಿಸಿಕೊಳ್ಳಬಲ್ಲದು. ಹೂ ಬಿಟ್ಟು ಕಾಳು ಕಟ್ಟುವಾಗ ತಪ್ಪಿದರೆ ಹೋದ ಇಳುವರಿ ಮರಳಿ ಬಾರದು. ಆದ್ದರಿಂದ ಗರಿಕೆಯ ತಾಳಿಕೆಯನ್ನು ಹಾಗೆಯೇ ರಾಗಿಗೆ ತಂದರೆ ಹಸಿರು ಉಳಿದು ಕಣ ಬರಿದಾಗಬಹುದು.

ರಾಗಿ ಗರಿಕೆಯ ದಾಯಾದಿ

ಆದರೂ ನಿರಾಶರಾಗಬೇಕಾಗಿಲ್ಲ. ಹುಲ್ಲಿನ ಜಾತಿಯಲ್ಲಿ ರಾಗಿ ಮತ್ತು ಗರಿಕೆ ಹತ್ತಿರದ ದಾಯಾದಿಗಳು. ಎರಡೂ ಒಂದೇ ಉಪಕುಟುಂಬಕ್ಕೆ ಸೇರಿವೆ. ಎರಡರಲ್ಲೂ ಒಂಬತ್ತರಂತೆ ನಾಲ್ಕು ಕಟ್ಟು, ಒಟ್ಟು 36 ವರ್ಣತಂತುಗಳಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇತರರೊಡನೆ ಸೇರಿ ಎಂ.ಎಲ್. 365 ರಾಗಿ ತಳಿಯ ವಂಶವಾಹಿಗಳ ಬರಹವನ್ನು 2017ರಲ್ಲಿ ಪ್ರಕಟಿಸಿದರು. ಮೇಲೆ ಹೇಳಿದ ಕುಟುಂಬಗಳು ರಾಗಿಯಲ್ಲೂ ಇವೆ. ಹೊರಗಿನಿಂದ ತರುವುದಕ್ಕಿಂತ ಮೊದಲು, ರಾಗಿಯ ತಳಿಗಳಲ್ಲೇ ಈ ಕುಟುಂಬಗಳು ಚೆನ್ನಾಗಿ ಕೆಲಸ ಮಾಡುವಂಥವನ್ನು ಆರಿಸಿಕೊಳ್ಳುವುದು ಜಾಣತನ.

ಇದಕ್ಕೊಂದು ವಿಧಾನವನ್ನು ಇದೇ ವಿಶ್ವವಿದ್ಯಾನಿಲಯದ ಬೆಳೆ ಶರೀರಕ್ರಿಯಾ ವಿಭಾಗ ರೂಪಿಸಿದೆ. ಮೊಳಕೆಗಳನ್ನು ಮೊದಲು ಸಹಿಸಬಹುದಾದ ಶಾಖಕ್ಕೆ ಹಂತಹಂತವಾಗಿ ಒಡ್ಡುತ್ತಾರೆ. ಬಳಿಕ ಸಾಯುವಷ್ಟು ಶಾಖಕ್ಕೆ ಒಡ್ಡಿ, ಯಾವುವು ಚೇತರಿಸಿಕೊಳ್ಳುತ್ತವೆಂದು ನೋಡುತ್ತಾರೆ. ಏಕಾಏಕಿ ಶಾಖ ಕೊಟ್ಟರೆ ಉತ್ತಮ ತಳಿಗೂ ಕೆಟ್ಟ ತಳಿಗೂ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಮೆಲ್ಲಗೆ ಕೊಟ್ಟಾಗ ವಂಶವಾಹಿಗಳಿಗೆ ಎಚ್ಚರಗೊಳ್ಳಲು ಕಾಲಾವಕಾಶ ಸಿಕ್ಕಿ, ತಳಿಗಳ ನಿಜವಾದ ಶಕ್ತಿ ಹೊರಬೀಳುತ್ತದೆ.

ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದ ಅಂಶಗಳು

1. ಹೊಲದೊಳಗಿನ ಗರಿಕೆ: ನಿಧಾನವಾಗಿ ಬರುವ ಬರವನ್ನು ಗರಿಕೆ ಎದುರಿಸಬಲ್ಲದು, ಬೇರು ಕಳಚಿ ಬಿರುಬಿಸಿಲಿಗೆ ಬಿದ್ದ ತುಂಡಿಗೆ ಆ ಸಿದ್ಧತೆಗೆ ವ್ಯವಧಾನವಿರದು. ಆದ್ದರಿಂದ ಬೇಸಿಗೆಯಲ್ಲಿ ಒಣ ನೆಲವನ್ನು ಆಳವಾಗಿ ಉತ್ತು, ಹೆಂಟೆ ಮಗುಚಿ, ಬೇರುಕಾಂಡಗಳು ಬಿಸಿಲಿಗೆ ಬೀಳುವಂತೆ ಮಾಡಬೇಕು. ನಂತರ ಅವನ್ನು ಆರಿಸಿ ಹೊಲದಿಂದ ಹೊರಹಾಕಬೇಕು. ತೇವವಿರುವಾಗ ರೋಟವೇಟರ್ ಹೊಡೆದರೆ ಒಂದು ಬಳ್ಳಿ ಹತ್ತು ತುಂಡಾಗಿ ಹತ್ತೂ ಚಿಗುರುತ್ತವೆ. ಹಸಿ ತುಂಡುಗಳನ್ನು ತಿಪ್ಪೆಗೆ ಹಾಕಬಾರದು.

2. ನೆರಳು ಗರಿಕೆಯ ಶತ್ರು: ಇಷ್ಟೆಲ್ಲ ಕುಟುಂಬಗಳಿದ್ದರೂ ಗರಿಕೆ ನೆರಳನ್ನು ತಾಳುವುದಿಲ್ಲ. ಉಳುಮೆಯ ಬಳಿಕ ಅಲಸಂದೆ, ಹುರುಳಿ ಅಥವಾ ಹಸಿರೆಲೆ ಗೊಬ್ಬರದ ಸೆಣಬನ್ನು ಒತ್ತಾಗಿ ಬಿತ್ತಿ ನೆಲ ಮುಚ್ಚಿಸಿದರೆ ಉಳಿದ ಗರಿಕೆ ಕುಗ್ಗುತ್ತದೆ.

3. ಕಳೆನಾಶಕ: ಎಲೆಯಿಂದ ಬೇರಿಗೆ ಇಳಿಯುವ ಕಳೆನಾಶಕಗಳು ಗರಿಕೆ ಚೆನ್ನಾಗಿ ಚಿಗುರಿ ಬೆಳೆಯುವಾಗ ಮಾತ್ರ ಪರಿಣಾಮಕಾರಿ. ಬೇಸಿಗೆಯಲ್ಲಿ ಒಣಗಿ ಮಲಗಿರುವ ಗರಿಕೆಗೆ ಸಿಂಪಡಿಸಿದರೆ ಹಣ ವ್ಯರ್ಥ. ಯಾವ ಔಷಧವೆಂಬುದನ್ನು ಸ್ಥಳೀಯ ಕೃಷಿ ಅಧಿಕಾರಿಗಳನ್ನು ಕೇಳಿ, ಜಾರಿಯಲ್ಲಿರುವ ನಿಯಮದಂತೆ ಬಳಸಬೇಕು.

4. ಕೆರೆ ಏರಿ ಮತ್ತು ನೀರು ಹರಿಯುವ ಓಣಿ: ಇಲ್ಲಿ ಗರಿಕೆ ಮಿತ್ರ. ಮಳೆಗಾಲದ ಆರಂಭದಲ್ಲಿ ಎರಡು ಮೂರು ಗಿಣ್ಣುಗಳಿರುವ ಬಳ್ಳಿ ತುಂಡುಗಳನ್ನು ಸಾಲಾಗಿ ನೆಟ್ಟರೆ ಮಣ್ಣು ಕೊಚ್ಚಿಹೋಗುವುದಿಲ್ಲ. ಬಿತ್ತನೆಯ ಹೊಲಕ್ಕೆ ಅಂಟಿದ ಕಿರುಬದುವಿಗೆ, ಹೊಲದೊಳಗೆ ಹಬ್ಬದ ಲಾವಂಚ ಮೇಲು.

5. ಸವಳು ನೆಲ: ಬಸಿಗಾಲುವೆ ತೆಗೆದು ಉಪ್ಪು ಹೊರಹೋಗುವಂತೆ ಮಾಡುವುದೇ ಮೂಲ ಚಿಕಿತ್ಸೆ. ಆ ಕೆಲಸ ಮುಗಿಯುವವರೆಗೆ ನೆಲ ಬರಿದಾಗಿರದಂತೆಯೂ ದನಗಳಿಗೆ ಮೇವು ಸಿಗುವಂತೆಯೂ ಗರಿಕೆ ನೆರವಾಗುತ್ತದೆ. ಗರಿಕೆ ಬೆಳೆದಿದೆಯೆಂದು ನೆಲ ಸರಿಯಾಯಿತೆಂದು ಭಾವಿಸಿ ಭತ್ತ ನೆಡಬಾರದು. ಮಣ್ಣು ಪರೀಕ್ಷೆ ಮಾಡಿಸಿಯೇ ಮುಂದುವರಿಯಬೇಕು.

6. ಶಾಲೆ, ಪಂಚಾಯಿತಿ ಆವರಣಗಳ ಹುಲ್ಲುಹಾಸು: ದಿನವೂ ಮೇಲೆ ಮೇಲೆ ಚಿಮುಕಿಸುವ ಬದಲು ಅಂತರ ಕೊಟ್ಟು ಆಳಕ್ಕೆ ನೀರುಣಿಸಬೇಕು. ಬೇಸಿಗೆಗೆ ಮುಂಚೆ ಅಂತರವನ್ನು ಮೆಲ್ಲನೆ ಹೆಚ್ಚಿಸುತ್ತ ಹೋದರೆ ಹುಲ್ಲು ಒಗ್ಗಿಕೊಳ್ಳುತ್ತದೆ. ಆ ಕಾಲದಲ್ಲಿ ಯೂರಿಯಾ ಹೆಚ್ಚು ಕೊಡಬಾರದು, ಪೊಟ್ಯಾಷ್ ಕೊರತೆಯಾಗಬಾರದು. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು.

7. ರಾಗಿ ಬೀಜ ಕಠಿಣಗೊಳಿಸುವುದು: ಮೆಲ್ಲಗೆ ಒಗ್ಗಿಸುವ ತತ್ವವನ್ನು ರೈತರು ಮನೆಯಲ್ಲೇ ಬಳಸಬಹುದು. ಒಂದು ಕಿಲೋ ಬೀಜಕ್ಕೆ ಒಂದು ಲೀಟರ್ ನೀರಿನಂತೆ 6 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಡಬೇಕು. ಮೊಳಕೆಯ ಸೂಚನೆ ಕಂಡ ಕೂಡಲೇ ತೆಗೆದು ನೆರಳಿನಲ್ಲಿ ಎರಡು ದಿನ ಒಣಗಿಸಿ ಬಿತ್ತಬೇಕು. ಇಂಥ ಬೀಜದ ಪೈರು ಎಳೆಯ ವಯಸ್ಸಿನ ಬರವನ್ನು ಹೆಚ್ಚು ತಾಳುತ್ತದೆ.

8. ‘ಬರ ನಿರೋಧಕ ಜೀನ್’ ಎಂಬ ಪ್ರಚಾರ: ಬೀಜ ಕೊಳ್ಳುವಾಗ ಈ ಮಾತಿಗೆ ಮರುಳಾಗಬಾರದು. ನೀರು ಕಡಿಮೆಯಾದ ವರ್ಷದಲ್ಲಿ ಗಿಡ ಎಷ್ಟು ದಿನ ಹಸಿರಾಗಿತ್ತು ಎಂದು ಕೇಳುವುದಕ್ಕಿಂತ ಎಷ್ಟು ಕಾಳು ಕೊಟ್ಟಿತು, ಮಳೆ ಚೆನ್ನಾದ ವರ್ಷದಲ್ಲಿ ಎಷ್ಟು ಕೊಟ್ಟಿತು, ನಮ್ಮ ಸೀಮೆಯ ಹೊಲದಲ್ಲಿ ಪರೀಕ್ಷೆಯಾಗಿದೆಯೆ ಎಂದು ಕೇಳಬೇಕು. ಜಾರ್ಜಿಯಾದಲ್ಲಿ ಈಚೆಗೆ ಹೆಸರಾದ ಟಿಫ್‌ಟಫ್ ಎಂಬ ಬರ ತಾಳುವ ಗರಿಕೆಯನ್ನೂ ಹೊಲದಲ್ಲಿ ನೀರು ಕಡಿಮೆ ಕೊಟ್ಟು ವರ್ಷಗಟ್ಟಲೆ ನೋಡಿಯೇ ಆರಿಸಿದ್ದು.

ಒಟ್ಟಿನಲ್ಲಿ ಗರಿಕೆಯ ತಾಳಿಕೆ ಒಂದು ವಂಶವಾಹಿಯ ಪವಾಡವಲ್ಲ. ಅನೇಕ ಕುಟುಂಬಗಳು ಹೊತ್ತರಿತು ಕೂಡಿ ಮಾಡುವ ದುಡಿಮೆ ಅದು. ಬೆಳೆಗಳಲ್ಲಿಯೂ ಆ ದುಡಿಮೆಗೆ ಅನುಕೂಲವಾಗುವಂತೆ ತಳಿಯನ್ನು ಆರಿಸಿ, ಬೀಜವನ್ನು ಸಿದ್ಧಗೊಳಿಸಿ, ಹೂ ಬಿಡುವ ಕಾಲಕ್ಕೆ ತೇವ ಉಳಿಯುವಂತೆ ಬಿತ್ತನೆಯ ಸಮಯವನ್ನು ಹೊಂದಿಸಿಕೊಂಡರೆ ಮಳೆ ತಪ್ಪಿದ ವರ್ಷದಲ್ಲಿಯೂ ಕಣಕ್ಕೆ ನಾಲ್ಕು ಕಾಳು ಬರುತ್ತದೆ.